ಉಲ್ಕೆ ಕೇಳಿದ ಪ್ರಶ್ನೆ

ಸೀರೆ ಅಂಗಡಿಯವನು ಆಕಾಶದ ಉಸಾಬರಿ ಮೈಮೇಲೆ ಎಳೆದುಕೊಂಡರೆ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ಕಾಶಿಯ ಬಂಗಾಲಿ ಟೋಲಾದ ನಮ್ಮ ಕನ್ನಡ ಮಠದ ಮಾಳಿಗೆಯ ಮೇಲೆ ಭಾನುವಾರ ಬೆಳಿಗ್ಗೆ ಮೂವರು ಸೇರುತ್ತೇವೆ: ಉಲ್ಕೆಯ ಭೌತಶಾಸ್ತ್ರ ಕಲಿಸುವ ಪ್ರೊಫೆಸರು, ಕಲಿಯುವ ಡಾಕ್ಟರು ಮತ್ತು ನಾನು. ಮಠದ ಅಡುಗೆಯವರಿಗೆ ಅದೇ ಮಾಳಿಗೆ ಹಪ್ಪಳ ಒಣಗಿಸಲು ಬೇಕು. "ತಿಂಗಳು ಮುಗಿಯೋದ್ರಾಗ ಒಂದರೆ ಉಲ್ಕಿ ಬಂತು ಅನ್ನಾಕ ಸಾಕ್ಷಿ ಕೊಡ್ರಿ ಸಾವ್ಕಾರ್ರ, ಇಲ್ಲಾಂದ್ರ ಮಾಳಿಗಿ ಬಿಡ್ರಿ" ಎಂದು ಗಡುವು ಕೊಟ್ಟರು. ಈ ಊರಿನ ದೀಪ, ಧೂಳಿನಲ್ಲಿ ಚಂದ್ರನೇ ಮಸುಕು!

ಪಂಪು

ಉಲ್ಕೆ ಗಾಳಿಗೆ ಉಜ್ಜಿ ಉರಿಯುತ್ತದೆ ಅಂದುಕೊಂಡಿದ್ದೆ. "ಉಜ್ಜಿದ್ದಕ್ಕಿಂತ, ಎದುರಿನ ಗಾಳಿಯನ್ನು ಒಮ್ಮೆಲೇ ಅದುಮಿದ್ದಕ್ಕೆ ಬಿಸಿ. ಸೈಕಲ್ ಪಂಪು ಬಿಸಿಯಾಗಲ್ವೇ?" ಎಂದರು ಪ್ರೊಫೆಸರು. ಮಾಲು ನೋಡದೆ ನಂಬುವವನಲ್ಲ ನಾನು. ಗೋದೌಲಿಯಾ ಚೌಕದಲ್ಲಿ ಒಬ್ಬ ರಿಕ್ಷಾದವನ ಪಂಪು ಕೇಳಿ, ಅವನದೇ ಟೈರಿಗೆ ಸರದಿಯಲ್ಲಿ ಹೊಡೆದೆವು. ಪಂಪಿನ ಬುಡ ಮುಟ್ಟಿದ ಡಾಕ್ಟರು, "ಜ್ವರ ಬಂತು, ಜ್ವರ ಬಂತು!" ಎಂದು ಕುಣಿದರು. ಖುಷಿಗೆ ಇನ್ನೊಮ್ಮೆ ಅದುಮಿದೆ. ಢಮ್!

ರಿಕ್ಷಾದವನು ಜೋತುಬಿದ್ದ ಟೈರನ್ನೂ ನಮ್ಮನ್ನೂ ನೋಡಿ, "ಬಾಬೂಜಿ, ಉಲ್ಕಾ ಗಿರ್ ಗಯೀ, ನಿಮ್ಮ ಉಲ್ಕೆ ಬಿದ್ದೇಬಿಡ್ತು" ಎಂದ.

ಬಿಸಿ ಕಲ್ಲು

ನಮ್ಮ ಹುಚ್ಚು ಗಲ್ಲಿಯಲ್ಲೆಲ್ಲ ಸುದ್ದಿಯಾಯಿತು. ಒಬ್ಬ ಆಸಾಮಿ ಅಂಗಡಿಗೆ ಬಂದು ಬಟ್ಟೆಯೊಳಗಿನ ಕರಿಕಲ್ಲು ಬಿಚ್ಚಿದ. "ಸೇಠ್‌ಜಿ, ನಿನ್ನೆ ಆಕಾಶದಿಂದ ಬಿತ್ತು. ಮುಟ್ಟಿ ನೋಡಿ, ಇನ್ನೂ ಬಿಸಿ!"

ಅಡುಗೆಯವರ ಮುಂದಿಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆದರೆ ಪಾಠ ನೆನಪಾಯಿತು: ಸುಡುವುದು ಮೇಲಿನ ತೆಳು ಪದರ ಮಾತ್ರ, ನೆಲಕ್ಕೆ ಬೀಳುವ ಹೊತ್ತಿಗೆ ಅದೂ ಆರಿರುತ್ತದೆ.

"ಇದು ಚಹಾ ಒಲೆಯ ಬಿಸಿ. ನಿಜವಾದ ಉಲ್ಕೆ ತಣ್ಣಗಿರುತ್ತಪ್ಪಾ" ಎಂದೆ.

ಆತ ಒಂದಿಷ್ಟೂ ಅಳುಕದೆ ಕಲ್ಲು ಸುತ್ತಿಕೊಂಡ. "ಹಾಗಾದರೆ ಸಂಜೆ ಬರ್ತೀನಿ ಸೇಠ್‌ಜಿ."

ಸಾಕ್ಷಿ

ಗಡುವಿನ ಕೊನೆಯ ಬೆಳಿಗ್ಗೆ. ಹಪ್ಪಳದ ಹಿಟ್ಟು ಆಗಲೇ ತಯಾರಿತ್ತು. ನಮಗೆ ಉಳಿದದ್ದು ರೇಡಿಯೊ ಒಂದೇ. ಕರ್ನಾಟಕದ ಎಫ್‌ಎಂ ಕಾಶಿಗೆ ಕೇಳದು. ಆದರೆ ಉಲ್ಕೆ ಉರಿದು ಬಿಟ್ಟುಹೋದ ಗೆರೆಗೆ ಅದರ ಅಲೆ ಬಡಿದು ಪುಟಿದರೆ, ಒಂದೆರಡು ಕ್ಷಣ ಕೇಳಿಸುತ್ತದಂತೆ. ಅಂಗಡಿಯಲ್ಲಿ ಸೀರೆ ನೇತುಹಾಕುವ ಸರಳುಗಳನ್ನೇ ಮಾಳಿಗೆಗೆ ತಂದು ಆಂಟೆನಾ ಮಾಡಿ, ದಕ್ಷಿಣಕ್ಕೆ ತಿರುಗಿಸಿ, ವಾಲ್ಯೂಮ್ ಪೂರ್ತಿ ಏರಿಸಿ ಕೂತೆವು. ಗಂಟೆಗಟ್ಟಲೆ ಬರೀ 'ಸುಂಯ್'.

"ಏಳ್ರಿ ಸಾವ್ಕಾರ್ರ, ಚಾಪಿ ಹಾಸೂಣು" ಎಂದು ಎಚ್ಚರಿಸಿ ಅಡುಗೆಯವರು ಕೆಳಗಿಳಿದರು.

ಅಷ್ಟರಲ್ಲಿ ರೇಡಿಯೊ ಅಚ್ಚಗನ್ನಡದಲ್ಲಿ, "ತಿಂಡಿ ಆಯ್ತಾ?" ಎಂದಿತು. ಮತ್ತೆ ಸುಂಯ್.

ಡಾಕ್ಟರು ಪ್ರೊಫೆಸರರನ್ನು ಎತ್ತಿಯೇಬಿಟ್ಟರು. ನನಗೊಂದೇ ಚಿಂತೆ: ಕೇಳಿದವರು ನಾವು ಮೂವರೇ, ಅಡುಗೆಯವರು ನಂಬುತ್ತಾರೆಯೇ?

ಆಗ ಕೆಳಗಿನ ಅಡುಗೆಮನೆಯಿಂದ ಉತ್ತರ ಬಂತು: "ಇನ್ನೂ ಇಲ್ರೀ! ಉಪ್ಪಿಟ್ಟು ಒಲಿ ಮ್ಯಾಲ ಐತಿ!"