ಟವೆಲ್ ಕೆಳಗೆ ಒಂದು ದೇಶದ ಸಾಲ

ಬಡದೇಶಗಳ ಸರ್ಕಾರಗಳಿಗೆ ಸಾಲದ ಲೆಕ್ಕ ಸರಿಮಾಡಿಕೊಡೋದು, ಸಾಲ ಕೊಟ್ಟವರ ಜೊತೆ ಕೂತು ಬಡ್ಡಿ ಇಳಿಸೋದು ನನ್ನ ಕೆಲಸ. ಇದರಲ್ಲಿ ನಾನು ಗಟ್ಟಿಗ, ಸುಳ್ಳು ವಿನಯ ಬೇಡ. ಆದ್ರೆ ನಮ್ಮೂರ ಕಡೆ ಕಾಲಿಟ್ಟರೆ ಸಾಕು, ಒಂದಲ್ಲ ಒಂದು ಫಜೀತಿ ಕಾದಿರ್ತದೆ.

ಅಜ್ಜಂಪುರದ ಮದುವೆ

ಸೋದರಮಾವ ಊಟದ ಪಂಕ್ತೀಲಿ ನನ್ನ ಹೆಗಲ ಮೇಲೆ ಕೈ ಹಾಕಿ, "ನಮ್ಮಕ್ಕನ ಮಗ. ದೇಶದೇಶದ ಸಾಲಾನೇ ಇಳಿಸ್ತಾನೆ" ಅಂತ ಎಲ್ಲರಿಗೂ ಪರಿಚಯ ಮಾಡ್ಸಿದ. ನಾನು ಕೈ ತೊಳ್ಕೊಂಡು ಬರೋದ್ರೊಳಗೆ ಹಿರಿಯರೊಬ್ಬರು ಪಾಸ್‌ಬುಕ್ ಹಿಡ್ಕೊಂಡು ನಿಂತಿದ್ರು. ಮದುವೆಗೆ ಪಾಸ್‌ಬುಕ್ ಯಾಕೆ ತಂದಿದ್ರೋ, ನಾನು ಕೇಳಲಿಲ್ಲ.

"ಯಜಮಾನ್ರೇ, ನಾನು ನೋಡೋದು ದೇಶಗಳ ಸಾಲ ಮಾತ್ರ" ಅಂದೆ.

"ನಮ್ಮನೆ ಏನು ಕಮ್ಮಿ ಅಂದ್ಕೊಂಡ್ಯೇನಪ್ಪಾ? ಅಡಿಗೆಮನೇಲಿ ಒಂದು ಸರ್ಕಾರ, ಪಡಸಾಲೇಲಿ ಇನ್ನೊಂದು. ತಮ್ಮನ ಜೊತೆ ಗಡಿ ತಂಟೆ ಬೇರೆ, ಕೋರ್ಟಲ್ಲಿದೆ."

ತೆಪ್ಪಗೆ ಪಾಸ್‌ಬುಕ್ ಇಸ್ಕೊಂಡೆ.

ತರೀಕೆರೆಯ ಜಾಮೀನು

ತರೀಕೆರೇಲಿ ಮನೆ ಕಟ್ಟೋಣ ಅಂತ ನಾನೇ ಬ್ಯಾಂಕಿಗೆ ಸಾಲ ಕೇಳೋಕೆ ಹೋದೆ. ಮ್ಯಾನೇಜರು ನನ್ನ ಕೆಲಸದ ವಿವರ ಓದಿ, ಎದ್ದು ಕೈ ಕುಲುಕಿ, ಕಾಫಿ ತರ್ಸಿದ್ರು. ಆಮೇಲೆ "ಜಾಮೀನಿಗೆ ಯಾರಿದ್ದಾರೆ ಸಾರ್?" ಅಂದ್ರು.

ನನಗೆ ಜಂಬ ಬಂತು. "ಆಫ್ರಿಕಾದ ಒಂದು ದೇಶದ ಹಣಕಾಸು ಮಂತ್ರಿಗಳು ನನಗೆ ಬೇಕಾದವರು. ಒಂದು ಮಾತು ಹೇಳಿದ್ರೆ ಸಹಿ ಹಾಕ್ತಾರೆ" ಅಂದುಬಿಟ್ಟೆ.

ಮ್ಯಾನೇಜರು ಶ್ರದ್ಧೆಯಿಂದ ಬರ್ಕೊಂಡು ಕೇಳಿದ್ರು, "ಆಗಬಹುದು ಸಾರ್. ಅವರ ಹೆಸರಲ್ಲಿ ಈ ತಾಲ್ಲೂಕಲ್ಲಿ ಪಹಣಿ ಇದ್ಯಾ?"

ಕಡೂರಿನ ಪಾಠ

ಸಮುದ್ರದ ನಡುವಿನ ಪುಟ್ಟ ದೇಶ ಒಂದರಿಂದ ಸಾಲದ ಖಾತೆಯ ಅಧಿಕಾರಿ ಒಬ್ಬಳು ನನ್ನ ಹತ್ರ ತರಬೇತಿಗೆ ಬಂದಿದ್ಲು. ಅವಳ ದೇಶಕ್ಕೆ ಸಾಲ ಕೊಟ್ಟೋರು ನಾಲ್ಕು ಜನ, ಬಡ್ಡಿ ನೂರಕ್ಕೆ ಆರು. ಅದನ್ನ ಕಟ್ಟಿದ ಮೇಲೆ ಆಸ್ಪತ್ರೆಗೆ ಔಷಧಿ ತರ್ಸೋಕೂ ದುಡ್ಡು ಉಳೀತಿರಲಿಲ್ಲ. ಬಡ್ಡಿ ಅರ್ಧಕ್ಕಿಳಿದ್ರೆ ದೇಶ ಉಸಿರಾಡ್ತದೆ ಅನ್ನೋಳು. ಪಾಪ ಅನ್ನಿಸ್ತು. ರಜೆಗೆ ನಮ್ಮನೆಗೆ ಕರ್ಕೊಂಡು ಬಂದೆ.

ನಮ್ಮಪ್ಪ ದನದ ದಲ್ಲಾಳಿ. ಅವಳನ್ನ ಸಂತೆಗೆ ಕರ್ಕೊಂಡು ಹೋದಾಗ ಎಮ್ಮೆದೊಡ್ಡಿ ಕಡೆಯ ಒಂದು ಜೊತೆ ಹೋರಿಗೆ ವ್ಯಾಪಾರ ನಡೀತಿತ್ತು. ಅಪ್ಪ ಕೈ ಮೇಲೆ ಟವೆಲ್ ಮುಚ್ಚಿ ಅದರೊಳಗೆ ಗಿರಾಕಿಯ ಬೆರಳು ಹಿಡಿದ್ರು. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಇಬ್ಬರೂ ಮಾತಾಡಲಿಲ್ಲ. ಸುತ್ತ ನಿಂತೋರಿಗೆ ಬೆಲೆ ಗೊತ್ತಾಗಲಿಲ್ಲ.

"ಮುಚ್ಚೋದು ಯಾಕೆ?" ಅಂತ ಅವಳು ನನ್ನ ಕೈಲಿ ಕೇಳಿಸಿದ್ಲು.

"ನಾಲ್ಕು ಜನದ ಮುಂದೆ ಬಾಯಿಬಿಟ್ಟು ಇಳಿದ್ರೆ ಮರ್ಯಾದೆ ಹೋಗ್ತದೆ ಕಣಮ್ಮ. ಟವೆಲ್ ಒಳಗೆ ಎಂಥೋನೂ ಇಳೀತಾನೆ" ಅಂದ್ರು ಅಪ್ಪ. ಇನ್ನೂ ಏನೋ ಹೇಳೋಕೆ ಹೊರಟಿದ್ರು, ಅಷ್ಟರಲ್ಲಿ ರೈಲಿಗೆ ಹೊತ್ತಾಯ್ತು ಅಂತ ನಾನೇ ಅವಳನ್ನ ಹೊರಡಿಸ್ಕೊಂಡು ಬಂದೆ. ದಾರೀಲಿ ಅವಳು ಒಂದು ಟವೆಲ್ ಕೊಂಡ್ಲು.

ಮುಂದಿನ ತಿಂಗಳು ಸಾಲ ಕೊಟ್ಟ ನಾಲ್ವರೂ ಒಂದೇ ಮೇಜಿಗೆ ಕೂತ್ರು. ಎರಡು ದಿನ ನಾನು ಪರದೆ ಮೇಲೆ ಲೆಕ್ಕ ತೋರಿಸಿದ್ದೇ ತೋರಿಸಿದ್ದು. ನಾಲ್ವರದೂ ಒಂದೇ ಮಾತು, "ಮೊದಲು ಅವರು ಇಳೀಲಿ." ಮೂರನೇ ದಿನ ಇವಳು ಚೀಲದಿಂದ ಟವೆಲ್ ತೆಗೆದು ಕೈ ಮೇಲೆ ಹೊದ್ಕೊಂಡ್ಲು. "ಒಬ್ಬೊಬ್ಬರಾಗಿ ಬನ್ನಿ. ನೂರಕ್ಕೆ ಎಷ್ಟು ಬಡ್ಡಿ ಸಾಕೋ ಅಷ್ಟು ಬೆರಳು ಹಿಡೀರಿ. ಪಕ್ಕದವರಿಗೆ ಕಾಣಲ್ಲ" ಅಂದ್ಲು. ನನ್ನ ಮಾನ ಹೋಯ್ತು ಅಂತ ಫೈಲನ್ನ ಮುಖಕ್ಕೆ ಅಡ್ಡ ಹಿಡಿದೆ.

ನಾಲ್ವರೂ ನಗ್ತಾನೇ ಬಂದು ಕೈ ತೂರಿಸಿದ್ರು. ನಾಲ್ವರೂ ಹಿಡಿದದ್ದು ಮೂರೇ ಬೆರಳು. ಎಲ್ಲರಿಗೂ ಒಳಗೊಳಗೇ ಒಪ್ಪಿಗೆ ಇತ್ತು, ಮೊದಲು ಬಾಯಿಬಿಡೋರು ಇರಲಿಲ್ಲ ಅಷ್ಟೇ. ಸಹಿ ಹಾಕುವಾಗ ಅವಳು ಅದೇ ಟವೆಲ್ಲಲ್ಲಿ ಕಣ್ಣೊರೆಸ್ಕೊಂಡ್ಲು. 

ಖುಷಿ ತಡೀಲಾರದೆ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

"ಎಷ್ಟಕ್ಕೆ ಮುಗೀತೋ?"

"ಆರಿದ್ದದ್ದು ಮೂರಕ್ಕೆ ಅಪ್ಪಾ."



"ಮೊದಲನೇ ಸಲ ಹಿಡಿದದ್ದಕ್ಕೇ ಒಪ್ಕೊಂಡ್ಬಿಟ್ಲಾ? ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೀಬೇಕು ಕಣೋ, ಹಿಂದೆ ಬಂದು ಎರಡಕ್ಕೆ ಕೊಡ್ತಿದ್ರು. ಅದನ್ನೇ ಹೇಳಿಕೊಡ್ತಿದ್ದೆ, ನೀನು ರೈಲು ರೈಲು ಅಂತ ಎಳ್ಕೊಂಡೋದೆ."