ಕರಿಹಲಗೆಯ ಕೆಳಗಿನ ಜಾಗ

ಕರಿಹಲಗೆಯನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇ ಕಾಲ್ಮುರ್ಜಾ ಮಾಡಿದ ತಪ್ಪು. ಉಣ್ಣೆಯ ಗುಡಾರದಲ್ಲಿ ಅದು ಎಲ್ಲರಿಗಿಂತ ಹಿರಿಯರು ಕೂರುವ ಜಾಗ.

ಆ ಬೇಸಿಗೆ ಹುಲ್ಲುಗಾವಲಿನ ಗುಡಾರದಲ್ಲಿ ಹೊಸ ಸರ್ಕಾರ ವಯಸ್ಕರ ಶಾಲೆ ತೆರೆದಿತ್ತು. ಕಾಲ್ಮುರ್ಜಾ ಅದರ ಮೇಷ್ಟರು. ಮೀಸೆ ಇನ್ನೂ ಮೂಡಬೇಕಿತ್ತು. ಇಂದು ಬರುವ ಅಧಿಕಾರಿ ಮೆಚ್ಚಿದರೆ ಕೆಲಸ ಕಾಯಂ, ಇಲ್ಲವಾದರೆ ಸೋದರಮಾವನ ಕುರಿಗಳ ಹಿಂದೆ ವಾಪಸು.

"ಬೈಗಾಜಿ ಅಜ್ಜ, ಇವತ್ತೊಂದು ದಿನ ಆ ಜಾಗ ನನಗೆ ಬಿಡಿ," ಎಂದು ಅವನು ತರಗತಿಯ ಅತಿ ಹಿರಿಯ ವಿದ್ಯಾರ್ಥಿಯನ್ನು ಬೇಡಿಕೊಂಡ.

"ಬಿಡ್ತೀನಪ್ಪ. ಮೊದ್ಲು ನಿನ್ನ ಗಡ್ಡ ಬೆಳ್ಳಗಾಗ್ಲಿ."

"ಚಿಕ್ಕೋರು ಕೂರೋದು ಬಾಗ್ಲ ಹತ್ರ, ಬಡಿಸೋದೂ ಅವ್ರೇ," ಎನ್ನುತ್ತ ಸಾಯ್ರಾ ಅತ್ತೆ ಕುದುರೆ ಹಾಲಿನ ಚರ್ಮದ ಚೀಲವನ್ನು ಅವನ ಮಡಿಲಿಗೆ ತಳ್ಳಿದಳು. "ಓದಿದೋರಿಗೆ ಇಷ್ಟೂ ಗೊತ್ತಿಲ್ವಾ?"

ಅಷ್ಟರಲ್ಲಿ ಅಧಿಕಾರಿ ತಲೆ ಬಗ್ಗಿಸಿ ಒಳಗೆ ಬಂದ. ಹಲಗೆಯ ಕೆಳಗೆ ಹಿಮದ ಬೆಟ್ಟದಂತೆ ಬೈಗಾಜಿ. ಬಾಗಿಲಲ್ಲಿ ಚೀಲ ತಬ್ಬಿಕೊಂಡು ಕುರಿ ಕದ್ದು ಸಿಕ್ಕಿಬಿದ್ದವನಂತೆ ಕಾಲ್ಮುರ್ಜಾ.

"ಸಲಾಂ, ಮೇಷ್ಟ್ರೇ," ಎಂದು ಅಧಿಕಾರಿ ಅಜ್ಜನ ಕೈಯನ್ನು ಎರಡೂ ಕೈಗಳಿಂದ ಹಿಡಿದ.

"ಸಾಹೇಬ್ರೇ, ಮೇಷ್ಟ್ರು ಅಂದ್ರೆ..." ಎಂದು ಕಾಲ್ಮುರ್ಜಾ ಬಾಯಿ ತೆರೆದ.

"ದೊಡ್ಡೋರ ನಡುವೆ ಬಾಯಿ ಹಾಕ್ಬೇಡ. ಬಟ್ಲು ತುಂಬು," ಎಂದ ಅಜ್ಜ.

ಹಲಗೆಯ ಮೇಲೆ ಅಜ್ಜನ ಬರಹವಿತ್ತು. ಅಕ್ಷರ ಮರೆತ ಕಡೆಯೆಲ್ಲ ಅವನು ಕುದುರೆಗಳಿಗೆ ಹಾಕುವ ಬರೆಯ ಗುರುತುಗಳನ್ನು ಗೀಚಿದ್ದ. ಕುದುರೆ ಸಾಕುವ ಜನಕ್ಕೆ ಅದು ನೀರು ಕುಡಿದಷ್ಟು ಸುಲಭ. "ಬೈಗಾಜಿಯ ಬೂದು ಕುದುರೆ ಮರಿ ಹಾಕಿದೆ," ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಓದಿತು. ಪಟ್ಟಣದ ಅಧಿಕಾರಿಗೆ ಒಂದು ಗೆರೆಯೂ ಅರ್ಥವಾಗಲಿಲ್ಲ. ಅಷ್ಟು ಹಿರಿಯರ ಕೈಬರಹವನ್ನು ಪ್ರಶ್ನಿಸಲಾರದೆ ತಲೆದೂಗಿದ.

"ನೀನು ಓದಪ್ಪ," ಎಂದ ಬಾಗಿಲ ಕಡೆ ತಿರುಗಿ.

"ಅವು ಅಕ್ಷರಾನೇ ಅಲ್ಲ, ಸಾಹೇಬ್ರೇ."

"ಓದೋಕೆ ಬಾರದೋರೆಲ್ಲ ಹೇಳೋದು ಹೀಗೇ. ನಾಚ್ಕೋಬೇಡ, ದಿನಾ ಬಾ." ಅಧಿಕಾರಿ ಅಜ್ಜನಿಗೆ ವಂದಿಸಿದ. "ಇಂಥ ಶಾಲೆ ನಾನೆಲ್ಲೂ ಕಂಡಿಲ್ಲ. ನಿಮ್ಮ ಕೆಲಸ ಕಾಯಂ, ಮೇಷ್ಟ್ರೇ."

ಕುದುರೆಯ ಸದ್ದು ದೂರವಾಗುತ್ತಿದ್ದಂತೆ ಕಾಲ್ಮುರ್ಜಾ ಚೀಲವನ್ನು ಕೆಳಗಿಟ್ಟ. "ಒಂದು ಮಾತು ಹೇಳ್ಬಾರ್ದಿತ್ತಾ, ಅಜ್ಜ?"

"ಮನೆಗೆ ಬಂದ ಅತಿಥಿ ತಪ್ಪು ಮಾಡ್ದ ಅಂತ ಎಲ್ಲರ ಮುಂದೆ ಹೇಳೋದಾ? ದೇವರು ಮೆಚ್ತಾನಾ?" ಅಜ್ಜ ಪ್ರೀತಿಯಿಂದ ಅವನ ಬೆನ್ನು ತಟ್ಟಿದ. "ಯೋಚ್ನೆ ಮಾಡ್ಬೇಡ, ನಿನ್ನೂ ಓದಿಸ್ತೀನಿ. ನಾಳೆ ಏನು ಕಲಿಸ್ಬೇಕು ಅಂತ ಮಾತ್ರ ಇವತ್ತೇ ನಂಗೆ ಹೇಳ್ಕೊಟ್ಬಿಡು."