ಇಲ್ಲಿ ಬಾಣಂತಿ ಇದ್ದಾಳೆ, ಹಿತ್ತಿಲಿಂದ ಬನ್ನಿ

"ಇನ್ನು ಮುಂದೆ ಈ ಕಾಂಪೌಂಡಿನೊಳಗೆ ಒಂದು ಇರುವೆಗೂ ನನ್ನಿಂದ ತೊಂದರೆ ಆಗಲ್ಲ!"

ಆಯನೂರಿನಾಚೆ ಹೊಲಗಳ ನಡುವೆ ಮನೆ ಕಟ್ಟಿಕೊಂಡು ಬಂದ ದಿನ ನಾನು, ಅಂದರೆ ವಿಶ್ವಾರಾಧ್ಯ, ಎದೆಯುಬ್ಬಿಸಿ ಮಾಡಿದ ಘೋಷಣೆ ಇದು. ಸಭಿಕರು ಒಬ್ಬರೇ. ನನ್ನ ಧರ್ಮಪತ್ನಿ ಬಸವರಾಜೇಶ್ವರಿ.

"ಹಾಗಾದ್ರೆ ಸೊಳ್ಳೆ ಬ್ಯಾಟು ಯಾರಿಗೆ ಕೊಡ್ಲಿ?" ಎಂದು ಕೇಳಿ ಅವಳು ಒಳಗೆ ಹೋದಳು.

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಬೆಳೆದು, ಹೊಸಮನೆಯ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದವನು ನಾನು. ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟರೆ ನಾಲ್ಕನೆಯ ಹಕ್ಕಿಯ ಪರಿಚಯ ಇರಲಿಲ್ಲ. ಆದರೆ ನಿವೃತ್ತಿಯ ಮರುದಿನವೇ ಒಂದು ಬೈನಾಕ್ಯುಲರ್ ಕೊಂಡೆ. ಕೊರಳಿಗೆ ಅದು ಬಿದ್ದ ಕ್ಷಣದಿಂದ ನಾನು ಪಕ್ಷಿತಜ್ಞ! ಅಂಗಳದಲ್ಲಿ ತುಂಬೆ, ಬಟ್ಟೆಗೆ ಅಂಟುವ ಉತ್ತರಾಣಿ, ಮುಟ್ಟಿದರೆ ಮುನಿ ಮೊಣಕಾಲೆತ್ತರ ಬೆಳೆದರೂ ಒಂದು ಕಡ್ಡಿ ಕೀಳಲು ಬಿಡಲಿಲ್ಲ.

"ಕಳೆ ಕೀಳೋಕೆ ಸೋಮಾರಿತನ. ಅದಕ್ಕೆ ಪ್ರಕೃತಿ ಪ್ರೇಮ ಅಂತ ಹೆಸರು ಬೇರೆ," ಎಂದಳು ಬಸವರಾಜೇಶ್ವರಿ.

"ತುಂಬೆ ಶಿವನಿಗೆ ಪ್ರಿಯ ಕಣೇ!"

"ತುಂಬೆ ಪ್ರಿಯ, ಸರಿ. ಉತ್ತರಾಣಿ ಯಾರಿಗೆ ಪ್ರಿಯ? ನನ್ನ ಸೀರೆಗಾ?"

ನಾನು ಬೈನಾಕ್ಯುಲರ್ ಎತ್ತಿ ದೂರದ ಹೊಲ ನೋಡತೊಡಗಿದೆ.

ಯುಗಾದಿಗೆ ಮುಂಬಾಗಿಲಿಗೆ ಕಟ್ಟಿದ ಮಾವು ಬೇವಿನ ತೋರಣ ಶ್ರಾವಣ ಬಂದರೂ ಅಲ್ಲೇ ತೂಗುತ್ತಿತ್ತು. "ಅದನ್ನ ತೆಗೀರಿ" ಎಂಬ ಸುಪ್ರಭಾತ ನನಗೆ ದಿನಾ ಆಗುತ್ತಿತ್ತು. ಕೊನೆಗೊಂದು ದಿನ ಏಣಿ ತಂದೆ. ನೋಡುತ್ತೇನೆ, ಹೆಬ್ಬೆರಳು ಗಾತ್ರದ, ಬಾಗಿದ ಕೊಕ್ಕಿನ ಒಂದು ಸೂರಕ್ಕಿ ಆ ಒಣ ತೋರಣದ ಒಂದು ಮೂಲೆಗೆ ಜೋತುಬಿದ್ದು ನಾರು ಜಗ್ಗುತ್ತಿದೆ! ಅಲ್ಲಿ ಎಲೆ, ದಾರ, ಜೇಡರ ಬಲೆ ಎಲ್ಲ ಕೂಡಿ ಗಂಟುಕಟ್ಟಿಕೊಂಡಿತ್ತು.

"ಗೂಡು!" ಎಂದು ಕೂಗಿ ಏಣಿಯಿಂದ ಜಾರಿ ಇಳಿದೆ.

"ಕಸ ಅದು ರೀ," ಎಂದಳು ಅವಳು.

"ನಿನ್ನ ಕಣ್ಣಿಗೆ ಎಲ್ಲಾ ಕಸವೇ. ಸೂರಕ್ಕಿ ಗೂಡು ಇರೋದೇ ಹಾಗೆ. ಇವತ್ತಿಂದ ಮುಂಬಾಗಿಲು ಬಂದ್!"

ಅಂದೇ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ನೇತುಹಾಕಿದೆ: 'ಇಲ್ಲಿ ಬಾಣಂತಿ ಇದ್ದಾಳೆ, ಹಿತ್ತಿಲಿಂದ ಬನ್ನಿ.' ಪರಿಣಾಮ ಏನಾಯಿತೆಂದರೆ, ಪಕ್ಕದ ಹೊಲದ ಭೈರಪ್ಪನ ಹೆಂಡತಿ ಡಬ್ಬಿ ತುಂಬ ಅಂಟಿನುಂಡೆ ಹಿಡಿದು ಬಂದು, ನಮ್ಮಿಬ್ಬರ ನರೆತ ತಲೆಗಳನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಲ್ಲಿ ಹುಷಾರಾಗಿರ್ಬೇಕು ಅಕ್ಕಾ" ಎಂದು ಹೇಳಿ ಹೋದಳು. ಆ ದಿನ ನನಗೆ ಮಧ್ಯಾಹ್ನದ ಊಟ ತಡವಾಗಿ ಸಿಕ್ಕಿತು. ಅಂಟಿನುಂಡೆ ಮಾತ್ರ ಚೆನ್ನಾಗಿತ್ತು.

ಸೂರಕ್ಕಿ ದಿನಾ ಬರುತ್ತಿತ್ತು, ಜಗ್ಗುತ್ತಿತ್ತು, ಹಾರಿಹೋಗುತ್ತಿತ್ತು.

"ಅಲ್ರೀ, ನಿಮ್ಮ ಗೂಡು ದಿನೇ ದಿನೇ ಚಿಕ್ಕದಾಗ್ತಿದೆಯಲ್ಲ?"

"ಒಳಗಿಂದ ಭದ್ರ ಮಾಡ್ತಿದೆ ಮಾರಾಯ್ತಿ. ನಿಂಗೆ ಅರ್ಥ ಆಗಲ್ಲ."

ಅಷ್ಟರಲ್ಲಿ ಬಂತು ಸಂಕಟ. ನನ್ನ ಬಾಮೈದ ಷಡಕ್ಷರಪ್ಪ ಫೋನ್ ಮಾಡಿ, "ಭಾವ, ಮಠದ ಬುದ್ಧಿಯೋರು ಈ ಸೋಮವಾರ ನಿಮ್ಮನೆ ಪಾದಪೂಜೆಗೆ ಒಪ್ಪಿದಾರೆ" ಎಂದ. ಹೊಸ ಮನೆಗೆ ಸ್ವಾಮಿಗಳ ಪಾದ ಬೀಳಬೇಕೆಂದು ಬಸವರಾಜೇಶ್ವರಿ ಇಲ್ಲಿಗೆ ಬಂದ ದಿನದಿಂದ ಕಾದಿದ್ದಳು. ಅವಳ ಕಣ್ಣು ತುಂಬಿಬಂತು. ತುಂಬಿದ ಕಣ್ಣಲ್ಲೇ ನನ್ನ ಕಡೆ ತಿರುಗಿದಳು.

"ಬಾಗಿಲು ತೆಗೀರಿ."

"ಮರಿ ಹಾರೋವರೆಗೆ ಆಗಲ್ಲ."

"ಬುದ್ಧಿಯೋರನ್ನ ಪಾತ್ರೆ ತೊಳೆಯೋ ಕಲ್ಲು ದಾಟಿಸಿ ಒಳಗೆ ಕರ್ಕೊಂಡು ಬರ್ಲಾ? ನಿಮಗೆ ನಾನು ಹೆಚ್ಚೋ, ಆ ಕಸ ಹೆಚ್ಚೋ?"

ಇಂಥ ಪ್ರಶ್ನೆಗೆ ಬುದ್ಧಿವಂತರು ಕೂಡಲೇ ಉತ್ತರಿಸುತ್ತಾರೆ. ನಾನು ಯೋಚಿಸಿದೆ. ಅದೇ ತಪ್ಪಾಯಿತು! ಸೋಮವಾರದವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ. ನನಗೂ ಒಳಗೊಳಗೇ ಕಸಿವಿಸಿ ಆಯಿತು, ಆದರೆ ಘೋಷಣೆ ಮಾಡಿಬಿಟ್ಟಿದ್ದೆನಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಮುಚ್ಚಿದ ಮುಂಬಾಗಿಲಿನ ಮುಂದೆ ದೊಡ್ಡ ರಂಗೋಲಿ. ಅದನ್ನು ತುಳಿಯದಂತೆ ಬಳಸಿಕೊಂಡು ಗೇಟಿನ ಹತ್ತಿರ ಹೋಗಿ ನಿಂತೆ. ಅಷ್ಟರಲ್ಲಿ ಕಾರು ಬಂತು. ಷಡಕ್ಷರಪ್ಪನ ಜೊತೆ ಬುದ್ಧಿಯವರು ಇಳಿದರು, ಬೋರ್ಡು ಓದಿದರು, ನಾನು ತೋರಣದತ್ತ ಕೈ ತೋರಿಸಿ ಸೂರಕ್ಕಿ ಗೂಡಿನ ವಿಷಯ ಹೇಳಿದಾಗ ನಕ್ಕರು.

"ಹಕ್ಕಿ ಬಾಣಂತನ ಏನಪ್ಪಾ? ಒಳ್ಳೇದು. ನಡಿ, ಹಿತ್ತಿಲಿಂದಲೇ ಬರ್ತೀವಿ."

ನಾನು ಗೆದ್ದೆ ಎಂದು ಬೀಗುತ್ತ ಮುಂದೆ ನಡೆದೆ. ಹಿಂತಿರುಗಿ ನೋಡಿದರೆ ಬುದ್ಧಿಯವರ ಕಾವಿ ಬಟ್ಟೆಯ ತುಂಬ ಉತ್ತರಾಣಿ ಬೀಜ! ನಾನು ಜೋಪಾನವಾಗಿ ಸಾಕಿದ ಗಿಡಗಳು ಒಂದೂ ಬಿಡದೆ ಅವರಿಗೆ ಅಂಟಿಕೊಂಡಿದ್ದವು. ಷಡಕ್ಷರಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕೀಳತೊಡಗಿದ. "ಏನ್ ಭಾವ ಇದು, ಮನೇನೋ ಕಾಡೋ?" ಎಂದು ಗೊಣಗಿದ. ನಾನೂ ಕೂತು ಕೀಳಲು ಹೋದೆ. ಮುಟ್ಟಿದರೆ ಮುನಿ ಮುಳ್ಳು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು.

ನಾವು ಹೀಗೆ ಒದ್ದಾಡುತ್ತಿರುವಾಗ ಬುದ್ಧಿಯವರು ತಲೆಯೆತ್ತಿ ಹಿತ್ತಿಲ ಬಾಗಿಲ ಕಡೆ ನೋಡುತ್ತ ನಿಂತಿದ್ದರು.

"ವಿಶ್ವಾರಾಧ್ಯ, ಗೂಡು ಮುಂದೆ ಅಂದ್ಯಲ್ಲೋ. ಇಲ್ಲಿದೆಯಲ್ಲಪ್ಪ!"

ಬಟ್ಟೆ ಒಣಹಾಕುವ ತಂತಿಯ ತುದಿಯಲ್ಲಿ, ನನ್ನ ಬನಿಯನ್ನಿನ ಪಕ್ಕದಲ್ಲೇ, ಒಂದು ಪುಟ್ಟ ಚೀಲದಂತಹ ಗೂಡು ತೂಗುತ್ತಿತ್ತು. ಅದರ ಕಂಡಿಯಿಂದ ಎರಡು ಕೊಕ್ಕು ಹೊರಗೆ ಚಾಚಿಕೊಂಡಿದ್ದವು. ಸೂರಕ್ಕಿ ಬಂದು, ನಮ್ಮ ಯಾರನ್ನೂ ಲೆಕ್ಕಿಸದೆ, ಬಾಯಿಗೆ ತುತ್ತಿಟ್ಟು ಹೋಯಿತು. ನಾನು ದಿನಾ ಆ ಗೂಡಿನ ಕೆಳಗೇ ನಿಂತು ತಲೆ ಒರೆಸಿಕೊಳ್ಳುತ್ತಿದ್ದೆ!

ಷಡಕ್ಷರಪ್ಪ ಓಡಿಹೋಗಿ ಕೋಲಿನಿಂದ ಮುಂದಿನ 'ಗೂಡ'ನ್ನು ಕೆಡವಿ ತಂದ. ಬುದ್ಧಿಯವರ ಎದುರು ಹಿಡಿದ. ನಾಲ್ಕು ಮಾವಿನ ತೊಟ್ಟು, ಒಣ ಬೇವಿನ ಕಡ್ಡಿ, ಒಂದಿಷ್ಟು ಜೇಡರ ಬಲೆ.

"ಇದು ಗೂಡಲ್ಲಪ್ಪ," ಎಂದು ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇಲ್ಲಿಂದ ಕಿತ್ತು ಅಲ್ಲಿ ಕಟ್ಟಿದೆ. ಇದು ಅದರ ಡಿಪೋ!"

ಮುಂಬಾಗಿಲು ತೆರೆಯಿತು. ಬುದ್ಧಿಯವರು ಮತ್ತೆ ಮುಂದಕ್ಕೆ ಬಂದು, ರಂಗೋಲಿ ದಾಟಿ, ಬಲಗಾಲಿಟ್ಟು ಒಳಗೆ ಬಂದರು. ಬಸವರಾಜೇಶ್ವರಿಯ ಮುಖ ನೋಡಬೇಕಿತ್ತು ನೀವು! ಪಾದಪೂಜೆ ಚೆನ್ನಾಗಿ ನಡೆಯಿತು. ಅಂಗಳದ ತುಂಬೆ ಹೂವೇ ಬುಟ್ಟಿ ತುಂಬ ಒದಗಿತು. ನನ್ನ ಪಾಲಿಗೆ ಉಳಿದ ಮಾನ ಅದೊಂದೇ.

ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದೆ, "ಹಿತ್ತಿಲ ಗೂಡು ನಿಂಗೆ ಮೊದಲೇ ಗೊತ್ತಿತ್ತೇನೇ?"

"ಕಟ್ಟೋಕೆ ಶುರು ಮಾಡಿದಾಗ್ಲಿಂದ ಗೊತ್ತು."

"ಮತ್ತೆ ಒಂದು ಮಾತು ಹೇಳ್ಬಾರದಿತ್ತಾ?"

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಮುಂದಿರೋದು ಕಸ ಅಂದಾಗ ನೀವು ನಂಬ್ಲಿಲ್ಲ. ಹಿಂದೆ ಗೂಡಿದೆ ಅಂತ್ಲೂ ಹೇಳಿದ್ದಿದ್ರೆ ಎರಡೂ ಬಾಗಿಲು ಬಂದ್ ಮಾಡ್ತಿದ್ರಿ. ಬುದ್ಧಿಯೋರನ್ನ ಏಣಿ ಹಾಕಿ ಕಿಟಕೀಲಿ ಇಳಿಸ್ಲಾ?"